ಅರ್ಧ ಇಂಚು

ಸ್ನಾಯುವಿನ ಬಲ ಅಳೆಯುವ ಮೆಷಿನ್ನಿನ ಪರದೆಯ ಮೇಲೆ ಮೂವತ್ತೊಂದು ಎಂದು ಬಂತು. ಹೋದ ವಾರ ಬರೀ ಆರು. ಮಗಳು ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಈ ಸಲವೂ ಆರು ದಾಟದಿದ್ದರೆ ಬಲಗೈಯ ಚಿಕಿತ್ಸೆ ನಿಲ್ಲಿಸಿ ಎಡಗೈಯನ್ನೇ ಪಳಗಿಸೋಣ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಟೇಲರ್ ಅಪ್ಪ ನಲವತ್ತು ವರ್ಷ ಕತ್ತರಿ ಹಿಡಿದ ಕೈ ಅದು. ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು.

“ಭೇಷ್ ಮಾಸ್ಟರ್,” ಎಂದಳು ಫಿಸಿಯೋಥೆರಪಿಯ ಹುಡುಗಿ, ಪೆನ್ನಿನ ಮುಚ್ಚಳ ತೆಗೆಯುತ್ತ. “ಮಣಿಕಟ್ಟು ಎತ್ತೋ ಸ್ನಾಯು ಎಚ್ಚರಾಗಿದೆ.”

ಅಪ್ಪ ಮುಂಗೈಗೆ ಅಂಟಿಸಿದ್ದ ಮೆಷಿನ್ನಿನ ಬಿಲ್ಲೆಗಳನ್ನೇ ನೋಡುತ್ತಿದ್ದ. “ಬರೀಬೇಡ ತಾಯಿ. ಅಳತೆ ತಪ್ಪಿದೆ.” ಮಾತು ಇನ್ನೂ ಬಾಯಿಯ ಒಂದೇ ಕಡೆಯಿಂದ ಬರುತ್ತಿತ್ತು.

“ಅಪ್ಪಾ, ಸುಮ್ನಿರು,” ಮಗಳು ಪಿಸುಗುಟ್ಟಿದಳು.

“ಕೈ ಎದ್ದಿಲ್ಲ, ಅಂಕಿ ಎದ್ದಿದೆ. ಹೋದ ವಾರ ಬಿಲ್ಲೆ ಈ ಮಚ್ಚೆಗೆ ತಾಗ್ಕೊಂಡಿತ್ತು, ಮೊಣಕೈಯಿಂದ ಮೂರು ಇಂಚು. ಇವತ್ತು ಅರ್ಧ ಇಂಚು ಒಳಗೆ ಸರಿದಿದೆ.”

“ಅರ್ಧ ಇಂಚು ತಾನೇ ಮಾಸ್ಟರ್?”

“ಕೋಟಲ್ಲಿ ಅರ್ಧ ಇಂಚು ತಪ್ಪಿದ್ರೆ ಮದುಮಗ ಮದುವೆ ಮುಗಿಯೋವರೆಗೂ ಉಸಿರಾಡೋ ಹಾಗಿಲ್ಲ.”

ಹುಡುಗಿ ನಕ್ಕಳು. ಆಮೇಲೆ ಬಗ್ಗಿ ಒತ್ತಿ ನೋಡಿದಳು, ನಗು ನಿಂತಿತು. “ಹೌದಲ್ಲ. ಪಕ್ಕದ ಸ್ನಾಯು ಸೆಟೆದುಕೊಂಡಿದೆ. ಮೆಷಿನ್ ಅದನ್ನ ಎಣಿಸಿದೆ.”

ತಾನಾಗಿ ಒಲಿದು ಬಂದ ಮೂವತ್ತೊಂದನ್ನು ಅಪ್ಪ ಕೈಯಾರೆ ಚೆಲ್ಲುತ್ತಿದ್ದ. ಆದರೂ ಅವನು ಕಣ್ಸನ್ನೆ ಮಾಡಿದಾಗ ಮಗಳು, ಆಸ್ಪತ್ರೆಗೂ ಬಿಡದೆ ತರಿಸುತ್ತಿದ್ದ ಟೇಪನ್ನೂ ಗುರುತು ಹಾಕುವ ಚಾಕ್‌ಪೀಸನ್ನೂ ಚೀಲದಿಂದ ತೆಗೆದಳು. ಮೊಣಕೈ ಮೂಳೆಯಿಂದ ಮೂರು ಇಂಚು ಅಳೆದು, ಮಚ್ಚೆಯ ಪಕ್ಕ ಗೆರೆ ಎಳೆದಳು.

ಗೆರೆಗೆ ಸರಿಯಾಗಿ ಹೊಸ ಬಿಲ್ಲೆ ಕೂತಿತು. ಅಪ್ಪ ಹಲ್ಲು ಕಚ್ಚಿ ಮಣಿಕಟ್ಟು ಎತ್ತಲು ನೋಡಿದ. ನಾಲ್ಕು. ಏಳು. ಒಂಬತ್ತು. ಅಲ್ಲಿಗೇ ನಿಂತಿತು.

“ಇನ್ನೊಂದ್ಸಲ,” ಎಂದ ಅಪ್ಪ.

ಮತ್ತೆ ಒಂಬತ್ತು.

ಹುಡುಗಿ ಒಂಬತ್ತನ್ನು ದಪ್ಪಗೆ ಬರೆದಳು. “ಆರು ದಾಟಿದ್ರಿ ಮಾಸ್ಟರ್. ಚಿಕ್ಕದು, ಆದ್ರೆ ನಿಮ್ಮದೇ.”

“ಮೈಗೆ ಸರಿಯಾಗಿ ಕೂತಿದೆ,” ಎಂದ ಅಪ್ಪ, ಬೆನ್ನು ನೆಟ್ಟಗೆ ಮಾಡಿಕೊಂಡು.

ಹೊರಡುವ ಮುನ್ನ ಮಗಳು ಒದ್ದೆ ಹತ್ತಿಯಿಂದ ಚಾಕ್‌ಪೀಸಿನ ಗೆರೆ ಒರೆಸಲು ಹೋದಳು. ಅಪ್ಪ ಎಡಗೈಯಿಂದ ಬಲಗೈಯನ್ನು ಎದೆಗೆ ಎಳೆದುಕೊಂಡ.

“ಬಿಡು ಮಗಳೇ. ಹೊಲಿಗೆ ಮುಗಿಯೋ ತನಕ ಗುರುತು ಅಳಿಸಬಾರದು.”