ಕಡಲು ನೋಡುವ ವಿಮಾನ

ಕಡಲಿನ ಅಧ್ಯಯನ ನಡೆಸುವ ಆ ವಿಮಾನ ವರ್ಷಕ್ಕೊಮ್ಮೆ ಮಂಗಳೂರಿನಲ್ಲಿ ಇಳಿಯುತ್ತಿತ್ತು. ನಿವೃತ್ತ ಅಂಚೆ ನೌಕರ ಜಯಕರ ನಿಲ್ದಾಣದ ಹೊರಗಿನ ರಸ್ತೆಯಲ್ಲಿ ನಿಂತು ಅದರ ಫೋಟೊ ತೆಗೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಬೀಳುತ್ತಿದ್ದುದೇ ಇಂಥ ಅಪರೂಪದ ವಿಮಾನಗಳಿಗಾಗಿ.

ಈ ಸಲ ಅದು ಇಳಿದು ಒಂದು ಗಂಟೆಯಾದರೂ ಅವರು ಅಲ್ಲೇ ನಿಂತಿದ್ದರು. ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. ಅಷ್ಟರಲ್ಲಿ ಒಂದು ಕಾರು ಪಕ್ಕಕ್ಕೆ ಬಂದು ನಿಂತಿತು. ಅದೇ ವಿಮಾನದಲ್ಲಿ ಬಂದಿದ್ದ ವಿಜ್ಞಾನಿಯೊಬ್ಬಳು ಕೆಳಗಿಳಿದಳು.

“ಪ್ರತಿ ವರ್ಷ ಇಲ್ಲಿ ನಿಲ್ಲುವವರು ನೀವೇ ಅಲ್ವಾ ಸರ್?”

ಜಯಕರರಿಗೆ ಹೆದರಿಕೆಯಾಯಿತು. “ಫೋಟೊ ತೆಗೀಬಾರದಿತ್ತಾ ಮೇಡಂ? ಬೇಕಿದ್ದರೆ ಎಲ್ಲ ಅಳಿಸಿಬಿಡ್ತೇನೆ.”

“ಬೇಡ, ಬೇಡ. ಇಳಿಯುವಾಗ ನಾವು ವಿಮಾನದ ಕ್ಯಾಮೆರಾ ಪರೀಕ್ಷೆ ಮಾಡ್ತೇವೆ. ಪ್ರತಿ ಸಲ ಅದರಲ್ಲಿ ನೀವು ಸಿಗ್ತೀರಿ. ನೋಡಿ.”

ಅವಳು ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತ ಹಿಂದಿನ ವರ್ಷಗಳಿಗೆ ಹೋದಳು. ನಾಲ್ಕು ಚಿತ್ರಗಳಲ್ಲಿ ಜಯಕರ ಒಬ್ಬರೇ ಕ್ಯಾಮೆರಾ ಎತ್ತಿ ನಿಂತಿದ್ದರು.

ಐದನೆಯದರಲ್ಲಿ ಪಕ್ಕದಲ್ಲಿ ಹೆಂಡತಿ ಇದ್ದಳು. ತಲೆಯ ಮೇಲೆ ಬರುತ್ತಿದ್ದ ವಿಮಾನವನ್ನು ಬಿಟ್ಟು ಅವಳು ಇವರನ್ನೇ ನೋಡುತ್ತಿದ್ದಳು.