ಬಾಯಿಬಿಡದ ಬಟನ್‌ಗಳು

ಕುಲಪತಿಗಳ ಬೆರಳು ಮೌಸಿನ ಮೇಲಿತ್ತು. ಒಂದು ಕ್ಲಿಕ್ಕಿಗೆ ವಿಶ್ವವಿದ್ಯಾಲಯದ ಹೊಸ ಪರೀಕ್ಷಾ ಜಾಲತಾಣ ಉದ್ಘಾಟನೆ. ಅಷ್ಟರಲ್ಲಿ ಕಣ್ಣು ಕಾಣದ ಸಂಶೋಧನಾ ವಿದ್ಯಾರ್ಥಿನಿ ಎದ್ದುಬಂದು, ಮೇಜು ತಡವಿ, ಪರದೆ ಆರಿಸಿಬಿಟ್ಟಳು.

“ಕಡೇ ಗಳಿಗೇಲಿ ಏನಮ್ಮಾ ನಿಂದು?” ತಾಣ ಕಟ್ಟಿದ ಎಂಜಿನಿಯರ್ ಹಲ್ಲು ಕಡಿದ. ಅವಳು ಕಂಪ್ಯೂಟರಿಗೆ ಇಯರ್‌ಫೋನ್ ಸಿಕ್ಕಿಸಿ ಕುಲಪತಿಗಳತ್ತ ಚಾಚಿದಳು. “ನಾನು ಓದೋದು ಕಿವೀಲಿ ಸರ್. ನೀವೂ ಹಾಗೇ ಒಂದು ಹಾಲ್ ಟಿಕೆಟ್ ತೆಗೀರಿ ನೋಡೋಣ.”

ಕುಲಪತಿಗಳು ಅದನ್ನು ಕಿವಿಗಿಟ್ಟು ಕೀಲಿ ಒತ್ತುತ್ತ ಹೋದಂತೆ, ಪರದೆ ಓದುವ ತಂತ್ರಾಂಶ “ಬಟನ್... ಬಟನ್... ಬಟನ್...” ಎನ್ನತೊಡಗಿತು. ಎಂಜಿನಿಯರ್ ಬಟನ್‌ಗಳಿಗೆ ಚೆಂದದ ಚಿತ್ರ ಅಂಟಿಸಿದ್ದ, ತಂತ್ರಾಂಶ ಓದಿ ಹೇಳಲು ಹೆಸರು ಕೊಡುವುದನ್ನು ಮರೆತಿದ್ದ.

“ಇದರಲ್ಲಿ ಯಾವುದಮ್ಮಾ?”

“ತಾಣ ಪ್ರಯೋಗಕ್ಕೆ ಬಿಟ್ಟಾಗಿನಿಂದ ನಾನೂ ಅದನ್ನೇ ಕೇಳ್ತಿದೀನಿ ಸರ್.”

ಎಂಜಿನಿಯರ್ ಬಗ್ಗಿ, “ಎರಡನೇದು ಸರ್” ಎಂದು ಪಿಸುಗುಟ್ಟಿದ. ಅವಳ ಕಿವಿಗೆ ಅದೂ ಬಿತ್ತು. “ಪರೀಕ್ಷೆ ಬಂದಾಗ ನನಗೆ ಪಿಸುಗುಟ್ಟೋಕೂ ಬರ್ತೀರಾ ಅಣ್ಣಾ?”

ಸಭೆ ಗೊಳ್ಳೆಂದು ನಕ್ಕಿತು. ಕುಲಪತಿಗಳು ನಗಲಿಲ್ಲ. ಎದ್ದು, ತಮ್ಮ ಕುರ್ಚಿಯ ಬೆನ್ನಿಗೆ ಅವಳ ಕೈ ತಾಗಿಸಿದರು.

“ಕೂತ್ಕೋಮ್ಮ. ಈ ಬಟನ್‌ಗಳೆಲ್ಲ ಬಾಯಿಬಿಟ್ಟು ಹೆಸರು ಹೇಳಿದ ದಿನವೇ ಉದ್ಘಾಟನೆ. ಒತ್ತೋಳು ನೀನು.”