ಒಂಬತ್ತಕ್ಕೆ ಬೆರೆಸಿದ ಔಷಧಿ

ಆಹ್ವಾನ ಪತ್ರಿಕೆಯಲ್ಲಿ ‘ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ’ ಎಂದು ಅಚ್ಚಾಗಿದ್ದನ್ನು ಇಡೀ ಆಸ್ಪತ್ರೆಯಲ್ಲಿ ನಂಬಿದವಳು ಒಬ್ಬಳೇ, ಕ್ಯಾನ್ಸರ್ ವಾರ್ಡಿನ ಹಿರಿಯ ನರ್ಸ್. ನಂಬಿ, ಒಂಬತ್ತಕ್ಕೇ ಔಷಧಿ ಬೆರೆಸಿಬಿಟ್ಟಿದ್ದಳು. ಈಗ ಗಂಟೆ ಹತ್ತೂವರೆ. ಹೊಸ ಚಿಕಿತ್ಸೆಯನ್ನು ಉದ್ಘಾಟಿಸಬೇಕಾದ ಗಣ್ಯರು ಇನ್ನೂ ಮನೆಯನ್ನೇ ಬಿಟ್ಟಿರಲಿಲ್ಲ.

“ಸಾರ್, ಬೆರೆಸಿದ ಮೇಲೆ ಇದಕ್ಕೆ ನಾಲ್ಕೇ ಗಂಟೆ ಆಯಸ್ಸು. ಮೈಯೊಳಗೆ ಇಳಿಯೋಕೇ ಎರಡು ಗಂಟೆ ಬೇಕು. ಹನ್ನೊಂದರೊಳಗೆ ಶುರು ಮಾಡ್ಲಿಲ್ಲ ಅಂದ್ರೆ ಚೆಲ್ಲಬೇಕಾಗುತ್ತೆ,” ಎಂದಳು ನಿರ್ದೇಶಕರಿಗೆ.

ನಿರ್ದೇಶಕರು ಹೂಗುಚ್ಛವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು. “ಚೆಲ್ಲೋದಾ? ಅವರು ಬಂದು ಪರದೆ ಎಳೀಬೇಕಮ್ಮ, ತಮ್ಮ ಕೈಯಾರೆ ಮೊದಲ ಹನಿ ಬಿಡ್ಬೇಕು! ಅಲ್ಲೀವರೆಗೂ ಯಾರೂ ಆ ಪರದೆ ಸರಿಸೋ ಹಾಗಿಲ್ಲ. ಅಂದ ಹಾಗೆ, ಔಷಧಿ ಚೀಲಕ್ಕೆ ಆ ಕಪ್ಪು ಕವರ್ ಯಾಕೆ? ಫೋಟೋದಲ್ಲಿ ಚೆನ್ನಾಗಿರಲ್ಲ.”

“ಅದಕ್ಕೆ ಬೆಳಕು ಆಗಲ್ಲ ಸಾರ್.”

“ಬೆಳಕೂ ಆಗಲ್ಲ, ಕಾಯೋದೂ ಆಗಲ್ಲ! ಔಷಧಿಗೆ ಇಷ್ಟು ಜಂಬ ಇರಬಾರದು,” ಎಂದು ಅವರು ಗೇಟಿನ ಕಡೆ ಓಡಿದರು.

ಪರದೆಯ ಹಿಂದಿನ ಹಾಸಿಗೆಯಲ್ಲಿ ಮಲಗಿದ್ದವರು ಬಸ್ ನಿಲ್ದಾಣದ ನಿವೃತ್ತ ಟೈಮ್ ಕೀಪರ್. ಮೂವತ್ತು ವರ್ಷ ಸೀಟಿ ಊದಿ ಬಸ್ಸು ಹೊರಡಿಸಿದವರು. ರಕ್ತದ ಕ್ಯಾನ್ಸರ್ ಒಂದು ಸಲ ಹೋದಂತೆ ಮಾಡಿ ಮತ್ತೆ ಬಂದು ವಕ್ಕರಿಸಿತ್ತು. ಹಳೆಯ ಔಷಧಿಗಳೆಲ್ಲ ಕೈಚೆಲ್ಲಿ, ಉಳಿದದ್ದು ಇದೊಂದೇ. ಇನ್ನೊಂದು ಚೀಲ ತರಿಸಲು ಮೂರು ವಾರ ಹಿಡಿಯುತ್ತದೆ, ಅವರ ಕಾಯಿಲೆ ಮೂರು ವಾರ ಸುಮ್ಮನೆ ಕೂರುವ ಜಾತಿಯದಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಬೆಳಗಿನಿಂದ ಗೋಡೆಯ ಗಡಿಯಾರ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

“ಏನಂತೆ ಸಿಸ್ಟರ್?” ಎಂದರು ಟೈಮ್ ಕೀಪರ್.

“ಕಾಯಬೇಕಂತೆ.”

“ಇದು ಒಳಗೆ ಹೋಗಿ ಏನು ಮಾಡುತ್ತೆ ಅಂದಿದ್ರಿ? ಇನ್ನೊಂದ್ಸಲ ಹೇಳಿ.”

“ಕ್ಯಾನ್ಸರ್ ಕಣದ ಮೈಮೇಲೆ ಒಂದು ಗುರುತು ಇರುತ್ತೆ. ಆ ಗುರುತು ಹುಡುಕಿ, ಅಲ್ಲೇ ಅಂಟ್ಕೊಂಡು, ವಿಷ ಒಳಗಿಳಿಸುತ್ತೆ. ಉಳಿದ ಕಣಗಳ ತಂಟೆಗೆ ಅಷ್ಟಾಗಿ ಹೋಗಲ್ಲ.”

“ಅಂದ್ರೆ ಬೋರ್ಡ್ ಓದಿ ಬಸ್ ಹತ್ತೋ ಪೈಕಿ. ಬಸ್ಸೂ ರೆಡಿ, ಡ್ರೈವರೂ ರೆಡಿ. ಟಾಟಾ ಮಾಡೋಕೆ ಬರೋರಿಗೋಸ್ಕರ ಯಾರಾದ್ರೂ ಬಸ್ ನಿಲ್ಸ್ಕೊಂಡು ಕೂರ್ತಾರೇನಮ್ಮಾ?”

“ಸುಮ್ನಿರಿ, ಪಾಪ, ಸಿಸ್ಟರ್ ಕೆಲಸಕ್ಕೆ ಸಂಚಕಾರ ತರಬೇಡಿ,” ಎಂದಳು ಹೆಂಡತಿ. ಬಾಯಲ್ಲಿ ಹಾಗಂದವಳು ಎದ್ದು ಹೋಗಿ, ಪರದೆಯ ಎರಡು ಅಂಚುಗಳನ್ನೂ ಸೇರಿಸಿ, ತನ್ನ ತಲೆಯ ಪಿನ್ನು ತೆಗೆದು ಸಿಕ್ಕಿಸಿದಳು. ನರ್ಸ್ ಅವಳ ಮುಖ ನೋಡಿದಳು. ಹತ್ತೂ ಐವತ್ತಕ್ಕೆ ಕಪ್ಪು ಚೀಲದಿಂದ ಮೊದಲ ಹನಿ ಇಳಿಯಿತು.

ಅರ್ಧ ಗಂಟೆಯಲ್ಲಿ ಟೈಮ್ ಕೀಪರಿಗೆ ಗಡಗಡ ನಡುಕ ಹತ್ತಿತು. ಹೀಗಾಗಬಹುದೆಂದು ನರ್ಸ್ ಮೊದಲೇ ಹೇಳಿದ್ದರೂ ಹೆಂಡತಿಯ ಜೀವ ಬಾಯಿಗೆ ಬಂತು. ನರ್ಸ್ ಇಂಜೆಕ್ಷನ್ ಕೊಟ್ಟು ಎರಡು ಕಂಬಳಿ ಹೊದಿಸಿದಳು, ಹೆಂಡತಿ ಅಂಗಾಲು ಉಜ್ಜಿದಳು. ಹೊರಗೆ ಮೈಕು ‘ಹಲೋ, ಹಲೋ’ ಎನ್ನುತ್ತಲೇ ಇತ್ತು. ಒಬ್ಬರೂ ಒಳಗೆ ಇಣುಕಲಿಲ್ಲ. ನಿರ್ದೇಶಕರ ಅಪ್ಪಣೆ ಅಷ್ಟು ಬಿಗಿಯಾಗಿತ್ತು.

ಹನ್ನೆರಡೂ ಐವತ್ತಕ್ಕೆ ಚೀಲ ಬರಿದಾಯಿತು. ನರ್ಸ್ ಅದನ್ನು ಇಳಿಸಿ, ಆ ಜಾಗದಲ್ಲಿ ಉಪ್ಪುನೀರಿನ ಚೀಲವೊಂದನ್ನು ತೂಗುಹಾಕಿದಳು. ರೋಗಿಯ ನರವನ್ನು ಗಣ್ಯರ ಕೈಗೆ ಒಪ್ಪಿಸಲು ಮನಸ್ಸು ಬಾರದೆ, ಹೊಸ ಚೀಲದ ನಳಿಕೆಯ ತುದಿಯನ್ನು ಅವರ ಕೈಗೆ ಜೋಡಿಸದೆ ದಿಂಬಿನ ಕೆಳಗೆ ತೂರಿಸಿದಳು. ಹೆಂಡತಿ ಪಿನ್ನು ಕಿತ್ತು ತಲೆಗೆ ಸಿಕ್ಕಿಸಿಕೊಂಡಳು.

ಗಣ್ಯರು ಒಂದೂಕಾಲಿಗೆ ಬಂದರು. ಪರದೆ ಎಳೆದರು. “ಕೆಟ್ಟದ್ದನ್ನ ಮಾತ್ರ ಹುಡುಕಿ ಹೊಡೆಯೋ ಔಷಧಿ ಇದು, ಥೇಟ್ ನಮ್ಮ ಆಡಳಿತದ ಹಾಗೆ,” ಎಂದು ಭಾಷಣ ಬಿಗಿದು, ನಳಿಕೆಯ ಚಕ್ರ ತಿರುಗಿಸಿದರು.

“ಹನಿ ಕಾಣ್ತಿಲ್ಲ, ಇನ್ನೂ ಜೋರಾಗಿ ಬಿಡಿ ಸಾರ್,” ಎಂದ ಫೋಟೋಗ್ರಾಫರ್. ಗಣ್ಯರು ಧಾರಾಳವಾಗಿ ಬಿಟ್ಟರು. “ಈಗ ಹೇಗಿದೆ ಯಜಮಾನರೇ?”

“ನಡುಕವೆಲ್ಲ ನಿಂತೋಯ್ತು ಸಾರ್,” ಎಂದರು ಟೈಮ್ ಕೀಪರ್. ಚಪ್ಪಾಳೆ ಬಿತ್ತು.

ಕಾರುಗಳನ್ನು ಬೀಳ್ಕೊಟ್ಟು ಅರಳಿದ ಮುಖದಲ್ಲಿ ಬಂದ ನಿರ್ದೇಶಕರು ಮಂಚದ ಬಳಿ ಕಾಲಿಟ್ಟವರೇ ಜಾರಿ, ಕಂಬಿ ಹಿಡಿದು ನಿಂತರು. ಹಾಸಿಗೆಯಿಂದ ನೆಲಕ್ಕೆ ತೊಟತೊಟ ಸುರಿಯುತ್ತಿತ್ತು.

“ಇದೇನ್ರೀ ಸಿಸ್ಟರ್ ನೀರು?”

ಟೈಮ್ ಕೀಪರ್ ಒದ್ದೆ ದಿಂಬನ್ನು ಪಕ್ಕಕ್ಕೆ ಸರಿಸಿ, ಗಡಿಯಾರದ ಕಡೆ ಕೈ ತೋರಿಸಿದರು.

“ಔಷಧಿ ಹನ್ನೊಂದರೊಳಗೇ ಹೊರಟೋಯ್ತು ಸಾರ್. ಇದು ಉದ್ಘಾಟನೆ.”